ಗೌರಾಬಾಯಿಯ ಬಾಡಿಗೆದಾರರು

ಸೆಕ್ರೆಟರಿ ಅಪ್ಪಾಸಾಹೇಬರ ನೋಟೀಸಿಗೆ ಹತ್ತಕ್ಕೆ ನಾಲ್ಕು ಅಂಕ ಹಾಕಿದವರು ಯಾರು ಎಂದು ಹೌಸಿಂಗ್ ಸೊಸಾಯಟಿಯಲ್ಲಿ ಯಾರೂ ಕೇಳಲಿಲ್ಲ. ಪುಣೆಯ ಯೆರವಡಾದ ಆ ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ ಕೆಂಪು ಶಾಯಿಯ ಪೆನ್ನು ಇದ್ದದ್ದು ಒಬ್ಬರ ಬಳಿ ಮಾತ್ರ. ನೆಲಮಹಡಿಯ ಗೌರಾಬಾಯಿ ಮೂವತ್ತೊಂದು ವರ್ಷ ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯ ದಿನ ಶಾಲು, ತೆಂಗಿನಕಾಯಿ ಬೇಡ ಎಂದು ಹೇಳಿ, ಪ್ರಯೋಗಶಾಲೆಯ ಉದ್ದನೆಯ ಥರ್ಮಾಮೀಟರೊಂದನ್ನು ಕೇಳಿ ಪಡೆದು ಮನೆಗೆ ಬಂದವರು.

ನೋಟೀಸಿನ ವಿಷಯ ಇಷ್ಟೇ. ಮಾಳಿಗೆಯ ಮೇಲಿನ ಸೋಲಾರ್ ಹೀಟರ್ ದೀಪಾವಳಿಯಿಂದ ಕೆಟ್ಟು ಕುಳಿತಿದೆ. ಎಲ್ಲರೂ ಒಮ್ಮೆಗೇ ಗೀಜರ್ ಹಚ್ಚಿದರೆ ಹಳೆಯ ವೈರು ತಡೆಯುವುದಿಲ್ಲ. ಆದ್ದರಿಂದ ಮನೆಗೆ ಇಪ್ಪತ್ತು ನಿಮಿಷದಂತೆ ಪಾಳಿ. ಮರಾಠಿಯಲ್ಲಿ ಬರೆದ ಈ ನಾಲ್ಕು ಸಾಲಿನಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ಗೌರಾಬಾಯಿ ಮೂರಕ್ಕೂ ಸುತ್ತು ಹಾಕಿ, ಕೆಳಗೆ ಅಂಕ ಬರೆದು, 'ಅಕ್ಷರ ದುಂಡಗಿದೆ' ಎಂದು ಷರಾ ಕೂಡ ಬರೆದರು.

ಮರುದಿನ ಪಾಳಿಯ ಪಟ್ಟಿ ಬಂತು. ಗೌರಾಬಾಯಿಗೆ ಮುಂಜಾನೆ ನಾಲ್ಕೂ ನಲವತ್ತರಿಂದ ಐದು.

ಸೆಕ್ರೆಟರಿ ಅಪ್ಪಾಸಾಹೇಬರೂ ಕನ್ನಡದವರೇ, ನಿಪ್ಪಾಣಿ ಕಡೆಯವರು. ಒಂದು ದೊಡ್ಡ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದು, ನಿವೃತ್ತಿಯಾದ ಮೇಲೆ ಆಳಲು ಏನೂ ಸಿಗದೆ ಸೊಸಾಯಟಿಯನ್ನು ಆಳುತ್ತಿದ್ದರು. ಮೆಟ್ಟಿಲ ಬಳಿ ಗೌರಾಬಾಯಿ ಎದುರಾದಾಗ ಅವರ ಮುಖದಲ್ಲಿ ಹಬ್ಬದ ಕಳೆ ಇತ್ತು.

"ಬಾಯಾರ, ಲಗೂ ಏಳೂದು ಆರೋಗ್ಯಕ್ಕ ಭಾಳ ಛಲೋರಿ."

"ಹೌದ್ರಿ. ನಮ್ಮ ಜಮಖಂಡ್ಯಾಗ ಒಂದು ಹುಂಜನೂ ಹಂಗ ಅಂತಿತ್ತು. ಪಲ್ಯಾ ಆಗಿ ಹೋತು."

ಮಾತಿನಲ್ಲಿ ಗೆದ್ದರೇನು, ಡಿಸೆಂಬರಿನ ಪುಣೆಯಲ್ಲಿ ತಣ್ಣೀರು ತಣ್ಣೀರೇ. ಇನ್ನು ಮೇಲೆ ಏಳು ಗಂಟೆಗೆ ಮೊದಲು ಏಳುವುದಿಲ್ಲ ಎಂದು ನಿವೃತ್ತಿಯ ದಿನವೇ ಶಪಥ ಮಾಡಿದ್ದ ಗೌರಾಬಾಯಿ, ಒಂದು ವಾರ ಒಲೆಯ ಮೇಲೆ ಪಾತೇಲಿಯಲ್ಲಿ ನೀರು ಕಾಯಿಸಿ, ಹೊತ್ತು, ಸೊಂಟ ಹಿಡಿದುಕೊಂಡು ಓಡಾಡಿದರು. ಎಂಟನೆಯ ದಿನ ಅವರಿಗೆ ಬುದ್ಧಿ ಕಲಿಸಿದ್ದು ಒಂದು ಬೀದಿನಾಯಿ.

ಅವರ ಬಚ್ಚಲಿನ ಗೋಡೆಯ ಆಚೆ, ಕಾಂಪೌಂಡಿನ ಮೂಲೆಯಲ್ಲಿ, ಸೊಸಾಯಟಿಯ ಕಸದ ತಿಪ್ಪೆ ಇತ್ತು. ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಿಕೊಳ್ಳಬೇಕು ಎಂಬ ನಿಯಮ ಬಂದಾಗ ಸಭೆಯಲ್ಲಿ ಯಾರೂ ಕೈ ಎತ್ತಿರಲಿಲ್ಲ. "ಜೀವಶಾಸ್ತ್ರದವರು ಅದಾರಲ್ಲ!" ಎಂದು ಅಪ್ಪಾಸಾಹೇಬರೇ ಆ ಕೆಲಸವನ್ನು ಗೌರಾಬಾಯಿಯ ಕೊರಳಿಗೆ ಕಟ್ಟಿದ್ದರು. ಎರಡು ವರ್ಷದಿಂದ ಅವರು ಅದಕ್ಕೆ ಮಳೆಮರದ ಒಣ ಎಲೆ, ಕಾಯಿಪಲ್ಯದ ಸಿಪ್ಪೆ, ದೇವರ ಮೇಲಿಂದ ಇಳಿದ ಹೂವು, ಚಹಾದ ಚರಟ ಎಲ್ಲ ಲೆಕ್ಕಕ್ಕೆ ತಕ್ಕಂತೆ ಉಣಿಸಿ ಸಾಕಿದ್ದರು. ಆ ದಿನ ಸಿಪ್ಪೆಯ ಬಕೆಟ್ ಹಿಡಿದು ಹೋದರೆ, ತಿಪ್ಪೆಯ ನೆತ್ತಿಯಲ್ಲಿ ಗುಂಡಿ ತೋಡಿಕೊಂಡು ಕಂದು ನಾಯಿಯೊಂದು ಗಾದಿಯ ಮೇಲೆ ಮಲಗಿದ ಸಾಹುಕಾರನಂತೆ ನಿದ್ದೆ ಹೋಗಿತ್ತು. ಅದರ ಸುತ್ತ ಹಬೆ ಏಳುತ್ತಿತ್ತು.

ಗೌರಾಬಾಯಿ ನಾಯಿಯನ್ನು ಓಡಿಸಲಿಲ್ಲ. ಪಕ್ಕದಲ್ಲಿ ಮೊಣಕೈವರೆಗೆ ಕೈ ತೂರಿಸಿ, "ಅಯ್ಯಯ್ಯ!" ಎಂದು ಎಳೆದುಕೊಂಡರು. ಒಳಗೆ ಹೋಗಿ ಥರ್ಮಾಮೀಟರ್ ತಂದು ಚುಚ್ಚಿದರು. ಐವತ್ತೆಂಟು ಡಿಗ್ರಿ. ಸ್ನಾನದ ನೀರಿಗೆ ನಲವತ್ತು ಸಾಕು.

ಮಧ್ಯಾಹ್ನ ಎರಡನೆಯ ಮಹಡಿಯ ನಿಖಿತಾಳನ್ನು ಕರೆದರು. ಮಂಡ್ಯದ ಹುಡುಗಿ, ವಿಮಾನ ನಗರದ ಕಂಪನಿಯೊಂದರಲ್ಲಿ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಅವಳ ಗೀಜರ್ ಪಾಳಿ ಮಧ್ಯಾಹ್ನ ಎರಡಕ್ಕಿತ್ತು. ಯಾಕೆಂದರೆ ಅವಳು ಬಾಡಿಗೆಯವಳು.

"ಆಂಟಿ, ತಿಪ್ಪೆ ಒಳಗೆ ಪೈಪ್ ಸುತ್ತಿ, ಅದ್ರಲ್ಲಿ ನೀರ್ ಬಿಡೋದಾ? ಸೀರಿಯಸ್ಲಿ?" ಎಂದಳು.

"ಇನ್ನೂರು ಅಡಿ ಕರೀ ಪೈಪು. ಒಂದಿಂಚಿಂದು. ಎರಡು ಬಕೆಟ್ ನೀರು ಅದರಾಗ ಹಿಡಸ್ತದ. ಒಂದು ತುದಿ ಗಾರ್ಡನ್ ನಳಕ್ಕ, ಇನ್ನೊಂದು ನನ್ನ ಬಚ್ಚಲ ಕಿಟಕಿಗೆ."

"ಸೆಕ್ರೆಟರಿ ಅಂಕಲ್‌ಗೆ ಗೊತ್ತಾದ್ರೆ?"

"ಗೊತ್ತಾಗಲಿ. ಕಸಾ ಕೊಳಿಯೂದಕ್ಕ ಅವ್ರು ಇನ್ನೂ ಪಾಳಿ ಹಾಕಿಲ್ಲ."

ಅಪ್ಪಾಸಾಹೇಬರು ಸಾಂಗಲಿಗೆ ಮದುವೆಗೆ ಹೋದ ಗುರುವಾರ ಇಬ್ಬರೂ ಕೆಲಸಕ್ಕಿಳಿದರು. ತಿಪ್ಪೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಒಟ್ಟಿದರು. ಒಂದು ಪದರ ಒಣ ಕಡ್ಡಿ, ಒಂದು ಪದರ ಎಲೆ, ಒಂದು ಪದರ ಹಸಿ ಸಿಪ್ಪೆ, ನಡುವೆ ಪೈಪಿನ ಸುರುಳಿ. ನಿಖಿತಾ ಸಿಪ್ಪೆಯನ್ನು ತುಳಿದು ಗಟ್ಟಿ ಮಾಡಲು ಹೋದಾಗ ಗೌರಾಬಾಯಿ ಗದರಿದರು. "ತುಳೀಬ್ಯಾಡ! ಒಳಗ ಕಸಾ ತಿನ್ನೂ ಸಣ್ಣ ಜೀವಾ ಅದಾವ, ಅವಕ್ಕ ಉಸಿರು ಆಡಬೇಕು." ಸಂಜೆಯ ಹೊತ್ತಿಗೆ ತಿಪ್ಪೆ ಆಳೆತ್ತರ ನಿಂತಿತು. ಪೈಪಿನ ತುದಿಗಳನ್ನು ಎಲೆಯಿಂದ ಮುಚ್ಚಿದರು.

ನಾಲ್ಕನೆಯ ದಿನ ಮುಂಜಾನೆ ಎಂಟಕ್ಕೆ ಗೌರಾಬಾಯಿ ಬಚ್ಚಲಿನಲ್ಲಿ ಕುಳಿತು ಪೈಪಿನ ತುದಿಯ ನಲ್ಲಿ ತಿರುಗಿಸಿದರು. ಮೊದಲು ಒಂದಿಷ್ಟು ತಣ್ಣೀರು, ಆಮೇಲೆ ಬೆಚ್ಚಗೆ, ಆಮೇಲೆ ಹೊಗೆಯಾಡುವ ನೀರು. ಮೊದಲ ತಂಬಿಗೆ ಬೆನ್ನಿನ ಮೇಲೆ ಬಿದ್ದಾಗ ಅವರ ಬಾಯಿಂದ ಹೊರಟ ಸ್ವರ ಮೂರನೆಯ ಮಹಡಿಯವರೆಗೆ ಕೇಳಿಸಿತು. ಎರಡನೆಯ ತಂಬಿಗೆಗೆ ಅವರು ಹಾಡಲು ಶುರು ಮಾಡಿದರು.

ಈ ಹಾಡೇ ಅಪ್ಪಾಸಾಹೇಬರಿಗೆ ಸಂಶಯ ಹುಟ್ಟಿಸಿದ್ದು. ತಣ್ಣೀರು ಹಾಕಿಕೊಳ್ಳುವವರು ಅಷ್ಟು ಹೊತ್ತು ಹಾಡುವುದಿಲ್ಲ. ಎಂಟಕ್ಕೆ ಪಾಳಿಯಲ್ಲಿ ಇದ್ದದ್ದು ಅವರದೇ ಮನೆ. ಹಾಗಾದರೆ ಈ ಹೆಂಗಸು ಕದ್ದು ಗೀಜರ್ ಹಚ್ಚುತ್ತಿದ್ದಾಳೆ! ಟೆಸ್ಟರ್ ಜೇಬಿಗೆ ಹಾಕಿಕೊಂಡು ಬಂದು ಬಾಗಿಲು ಬಡಿದರು.

ಗೌರಾಬಾಯಿ ಸ್ವಾಗತಿಸಿ ಬಚ್ಚಲು ತೋರಿಸಿದರು. ಗೀಜರ್ ಮೈ ಐಸಿನಂತೆ ತಣ್ಣಗಿತ್ತು. ಸ್ವಿಚ್ಚಿನ ಮೇಲೆ ಜೇಡರ ಬಲೆ. ಕನ್ನಡಿಯ ಮೇಲೆ ಮಾತ್ರ ಹಬೆ.

"ನೀರು ಯಾರು ಕಾಸ್ಯಾರ್ರಿ?" ಅಪ್ಪಾಸಾಹೇಬರು ಕೇಳಿದರು.

ಗೌರಾಬಾಯಿಗೆ ಒಂದು ನಿಯಮವಿತ್ತು. ಎಂಥ ಆಟ ಆಡಿದರೂ ಸುಳ್ಳು ಹೇಳಬಾರದು. ಆದ್ದರಿಂದ ನಿಜವನ್ನೇ ಹೇಳಿದರು.

"ನಮ್ಮ ಮಂದಿ ಕಾಸ್ಯಾರ್ರಿ."

"ಯಾವ ಮಂದಿ?"

"ಅದಾರಲ್ರಿ ನಮ್ಮಲ್ಲೆ. ಭಾಳ ಮಂದಿ ಅದಾರ. ಹಗಲು ರಾತ್ರಿ ದುಡೀತಾರ. ಪಗಾರ ಇಲ್ಲ, ಬರೇ ಊಟ."

"ಎಷ್ಟು ಮಂದಿ?"

"ಎಣಿಸಿಲ್ರಿ. ದಿನಾ ಹೆಚ್ಚಾಗಾಕತ್ತಾರ."

"ಮಲಗೂದು ಎಲ್ಲಿ?"

"ಮಲಗಂಗಿಲ್ರಿ ಅವ್ರು. ಉಣ್ಣೂದು, ಉಸಿರಾಡೂದು, ಸಂತಾನ ಬೆಳಸೂದು. ಅಷ್ಟ."

ಅಪ್ಪಾಸಾಹೇಬರ ಹುಬ್ಬು ನೆತ್ತಿಗೇರಿತು. ಅವರಿಗೆ ಎಲ್ಲ ಸ್ಪಷ್ಟವಾಯಿತು. ಬಾಯಾರು ಪರವಾನಗಿ ಇಲ್ಲದೆ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಇಟ್ಟಿದ್ದಾರೆ! ಅವರ ಕೈಯಲ್ಲಿ ಊಟಕ್ಕೆ ಬದಲಾಗಿ ನೀರು ಕಾಯಿಸಿಕೊಳ್ಳುತ್ತಿದ್ದಾರೆ!

ಅಂದಿನಿಂದ ಅವರು ಮೆಟ್ಟಿಲ ತಿರುವಿನಲ್ಲಿ ಪೇಪರ್ ಹಿಡಿದು ನಿಲ್ಲತೊಡಗಿದರು. ಪೇಪರಿನ ಅಂಚಿನಿಂದ ಅವರ ಕಣ್ಣು ಗೌರಾಬಾಯಿಯ ಹೊಸ್ತಿಲ ಮೇಲೆಯೇ. ಇದನ್ನು ಕಂಡ ಗೌರಾಬಾಯಿ ಸ್ವಲ್ಪ ಯೋಚಿಸಿದರು. ಬಾಗಿಲ ಹೊರಗೆ ಚಪ್ಪಲಿ ಇಡುವುದು ಸುಳ್ಳಾಗುತ್ತದೆಯೇ? ಬಾಯಿಂದ ಏನೂ ಹೇಳಿದಂತಾಗುವುದಿಲ್ಲವಲ್ಲ. ಮರುದಿನ ಹೊಸ್ತಿಲ ಬಳಿ ನಾಲ್ಕು ಜೋಡಿ ಚಪ್ಪಲಿಗಳಿದ್ದವು. ಅದರ ಮರುದಿನ ಏಳು. ನಿಖಿತಾಳ ಎತ್ತರದ ಹಿಮ್ಮಡಿಯವು, ಓಡುವ ಬೂಟು, ಅಟ್ಟದ ಮೇಲಿದ್ದ ಹಳೆಯ ಕೊಲ್ಹಾಪುರಿ ಎಲ್ಲ ಸಾಲಾಗಿ ನಿಂತವು. ಅಪ್ಪಾಸಾಹೇಬರು ಅವನ್ನು ಎಣಿಸಿ ಬರೆದುಕೊಂಡು ಹೋಗುವಾಗ ನಿಖಿತಾ ಮೇಲಿನ ಬಾಲ್ಕನಿಯ ಕಟಾಂಜನದಿಂದ ಬಗ್ಗಿ ನೋಡಿ, ದುಪಟ್ಟಾ ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಶುಕ್ರವಾರ ಬೋರ್ಡಿನ ಮೇಲೆ ಹೊಸ ನೋಟೀಸು ಬಂತು: ಅನಧಿಕೃತ ಬಾಡಿಗೆದಾರರ ವಿಚಾರಣೆ, ಭಾನುವಾರ ಹತ್ತು ಗಂಟೆಗೆ ವಿಶೇಷ ಸಭೆ. ಈ ಸಲ ತಪ್ಪು ಒಂದೇ ಇತ್ತು. ಗೌರಾಬಾಯಿ ಹತ್ತಕ್ಕೆ ಆರು ಕೊಟ್ಟರು.

ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಇಡೀ ಸೊಸಾಯಟಿ ನೆರೆಯಿತು. ಅಪ್ಪಾಸಾಹೇಬರ ಹೆಂಡತಿ ನೀತಾಬಾಯಿ ಮೊದಲ ಸಾಲಿನಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪಾಸಾಹೇಬರು ಮರಾಠಿಯಲ್ಲಿ ಆರೋಪ ಓದಿದರು. ಹಬೆ, ಹಾಡು, ಏಳು ಜೋಡಿ ಚಪ್ಪಲಿ ಯಾವುದನ್ನೂ ಬಿಡಲಿಲ್ಲ.

"ನಿಮ್ಮಲ್ಲಿ ಬಾಡಿಗೆದಾರರು ಇದ್ದಾರೆಯೋ ಇಲ್ಲವೋ?"

"ಇದ್ದಾರೆ," ಎಂದರು ಗೌರಾಬಾಯಿ, ಅವರೂ ಮರಾಠಿಯಲ್ಲಿ. "ಆದರೆ ನನ್ನ ಮನೆಯಲ್ಲಿ ಅಲ್ಲ, ಸೊಸಾಯಟಿಯ ಜಾಗದಲ್ಲಿ. ಇಟ್ಟುಕೊಳ್ಳಲು ಹೇಳಿದವರು ಸೆಕ್ರೆಟರಿಯವರೇ. ನಿರ್ಣಯದ ಪುಸ್ತಕದಲ್ಲಿ ಅವರ ಸಹಿ ಇದೆ. ಬನ್ನಿ, ತೋರಿಸುತ್ತೇನೆ."

ಎಲ್ಲರೂ ಕುರ್ಚಿ ಬಿಟ್ಟೆದ್ದು ಹಿತ್ತಲಿಗೆ ನಡೆದರು. ಗೌರಾಬಾಯಿ ಎಲೆ ಸರಿಸಿ ಪೈಪು ತೋರಿಸಿದರು, ಥರ್ಮಾಮೀಟರ್ ಚುಚ್ಚಿ ಹೊರಗೆಳೆದು ಹಿಡಿದರು. ಅರವತ್ತೊಂದು. ಬಚ್ಚಲ ಕಿಟಕಿಯಿಂದ ಪೈಪಿನ ತುದಿ ಎಳೆದು, ನಲ್ಲಿ ತಿರುಗಿಸಿ ಒಂದು ಲೋಟ ಬಿಸಿನೀರನ್ನು ಅಪ್ಪಾಸಾಹೇಬರ ಕೈಗೆ ಸುರಿದರು. ಅವರು "ಆಯೀ ಗ!" ಎಂದು ಕೈ ಝಾಡಿಸಿದರು.

ನಲವತ್ತು ಜನ ಕಿವಿಗೊಟ್ಟು ನಿಂತದ್ದನ್ನು ಕಂಡ ಮೇಲೆ ಪಾಠ ಹೇಳದೆ ಇರಲು ಗೌರಾಬಾಯಿಯಿಂದ ಸಾಧ್ಯವೇ? ಒಂದು ಒಣ ಎಲೆಯನ್ನು ಎತ್ತಿ ಹಿಡಿದರು. ಈ ಎಲೆ ಮರದಲ್ಲಿದ್ದಾಗ ಬಿಸಿಲನ್ನು ಹಿಡಿದು, ಗಾಳಿ ನೀರು ಸೇರಿಸಿ, ತನ್ನೊಳಗೆ ಸಕ್ಕರೆಯಾಗಿ ಕಟ್ಟಿಟ್ಟುಕೊಂಡಿತು. ಬಿದ್ದ ಮೇಲೆ ಕಣ್ಣಿಗೆ ಕಾಣದ ಈ ಜೀವಗಳು ಅದನ್ನು ತಿನ್ನುತ್ತವೆ, ನಮ್ಮ ಹಾಗೆಯೇ ಉಸಿರಾಡುತ್ತವೆ. ತಿಂದದ್ದರಲ್ಲಿ ಒಂದು ಪಾಲು ಅವುಗಳ ಮೈಯಾಗುತ್ತದೆ. ಉಳಿದದ್ದು ಶಾಖವಾಗಿ ಹೊರಗೆ ಹೋಗುತ್ತದೆ. ಗೊಬ್ಬರ ಮತ್ತೆ ಗಿಡವಾದೀತು, ಆದರೆ ಹೋದ ಶಾಖ ತಿರುಗಿ ಎಲೆಯಾಗುವುದಿಲ್ಲ. ಅದಕ್ಕೇ ಸೂರ್ಯ ದಿನಾ ಡ್ಯೂಟಿಗೆ ಬರಬೇಕು. "ಹೋಗುವ ಶಾಖ ಹೋಗುತ್ತಲೇ ಇತ್ತು. ದಾರಿಯಲ್ಲಿ ಅದನ್ನು ನಿಲ್ಲಿಸಿ, ನನ್ನ ಬೆನ್ನ ಮೇಲೊಮ್ಮೆ ಹಾಯ್ದು ಹೋಗು ಅಂದೆ. ಅಷ್ಟೇ ನಾನು ಮಾಡಿದ ಅಪರಾಧ."

ಆಮೇಲೆ ಅಪ್ಪಾಸಾಹೇಬರ ಕಡೆ ತಿರುಗಿ, ಮರಾಠಿಯವರಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು. "ನೀವೂ ಮುಂಜಾನಿ ಎರಡು ಜ್ವಾಳದ ಭಕ್ರಿ ತಿಂತೀರಿ. ಅದು ಅಪ್ಪಾಸಾಹೇಬ ಆಗೂದು ಒಂದು ಚೂರು. ಉಳದದ್ದೆಲ್ಲಾ ಬಿಸೀನ."

ಆದರೆ ನೀತಾಬಾಯಿಗೂ ಕನ್ನಡ ತಿಳಿಯುತ್ತದೆ ಎಂಬುದನ್ನು ಅವರು ಮರೆತಿದ್ದರು. ಅವರೆಕಾಯಿಯ ಬುಟ್ಟಿ ಹಿಡಿದೇ ನೀತಾಬಾಯಿ ಗೊಳ್ಳೆಂದು ನಕ್ಕು, ಅದನ್ನು ಮರಾಠಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಅಪ್ಪಾಸಾಹೇಬರು ಮೂರು ದಶಕ ಕಚೇರಿ ಕಂಡವರು. ಸೋತ ಕಡತವನ್ನು ಹೇಗೆ ತಮ್ಮ ಹೆಸರಿಗೆ ತಿರುಗಿಸಿಕೊಳ್ಳಬೇಕೆಂದು ಬಲ್ಲವರು. ಮಂಗಳವಾರವೇ ನಿರ್ಣಯ ಬಂತು. ತಿಪ್ಪೆ ಸೊಸಾಯಟಿಯ ಆಸ್ತಿ, ಅದರ ಶಾಖವೂ ಸೊಸಾಯಟಿಯದೇ, ಅದರ ಮೇಲ್ವಿಚಾರಣೆ ಸೆಕ್ರೆಟರಿಯದು. ಪ್ರಾಯೋಗಿಕವಾಗಿ ಪೈಪು ಮೊದಲು ಒಂದನೆಯ ಮಹಡಿಗೆ ಹೋಗತಕ್ಕದ್ದು. ಒಂದನೆಯ ಮಹಡಿ ಎಂದರೆ ಅವರ ಮನೆ.

"ಒಂದು ತಿಪ್ಪಿಗೆ ದಿನಾ ಎರಡು ಬಕೆಟ್, ಭಾಳ ಆದ್ರ ಮೂರು. ಅದಕ್ಕಿಂತ ಜಾಸ್ತಿ ಕೊಡಂಗಿಲ್ರಿ," ಎಂದು ಗೌರಾಬಾಯಿ ಎಚ್ಚರಿಸಿದರು.

"ಯಾಕ ಕೊಡಂಗಿಲ್ಲ? ನೀವ ಹೇಳೀರಿ, ಎಲಿಯೊಳಗ ಸಕ್ಕರಿ ಇರತದ ಅಂತ. ಜಾಸ್ತಿ ಸಕ್ಕರಿ ಹಾಕಿದ್ರ ಜಾಸ್ತಿ ಬಿಸಿ!"

"ಉಸಿರಿನ ಮಾತೂ ಹೇಳಿದ್ದೆ."

"ಅದು ಇರ್ಲಿ ಬಿಡ್ರಿ."

ಅಪ್ಪಾಸಾಹೇಬರ ಈ ಗಡಿಬಿಡಿಗೆ ಕಾರಣ ಇತ್ತು. ಅವರ ಮಗನ ಮಾವ ರಾಮಲಿಂಗಪ್ಪನವರು ಸೊಲ್ಲಾಪುರದಿಂದ ನಾಲ್ಕು ದಿನಕ್ಕೆಂದು ಬರುವವರಿದ್ದರು. ಬಟ್ಟೆ ಅಂಗಡಿಯ ದೊಡ್ಡ ಕುಳ. ಬೀಗರಿಗೆ ಗೀಜರ್ ಪಾಳಿಯ ಪಟ್ಟಿ ತೋರಿಸಲಾದೀತೆ? ಅಪ್ಪಾಸಾಹೇಬರು ಬಾರಾಮತಿಯ ಪರಿಚಯದವರಿಗೆ ಫೋನ್ ಹಚ್ಚಿ ಒಂದು ಟೆಂಪೊ ಹಸಿ ಕಬ್ಬಿನ ಸಿಪ್ಪೆ, ಮೇಲೆ ಸಕ್ಕರೆ ಕಾರ್ಖಾನೆಯ ಎರಡು ಡ್ರಮ್ ಕಾಕಂಬಿ ತರಿಸಿದರು. ಕಪ್ಪಗೆ ಜೇನಿನಂತೆ ಜಿನುಗುವ ಆ ಕಾಕಂಬಿಯನ್ನು ತಿಪ್ಪೆಯ ಮೇಲೆ ಅಭಿಷೇಕ ಮಾಡಿಸಿ, ಸಿಪ್ಪೆ ಒಟ್ಟಿಸಿ, ಚೆನ್ನಾಗಿ ತುಳಿಸಿ, ಶಾಖ ಹೊರಗೆ ಹೋಗದಿರಲಿ ಎಂದು ಪ್ಲಾಸ್ಟಿಕ್ ತಾಡಪಾಲು ಬಿಗಿದು ಕಟ್ಟಿಸಿದರು. ಗೌರಾಬಾಯಿ ಕಿಟಕಿಯಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ನೋಡಿದರು. ಎರಡು ಸಲ ಬೇಡವೆಂದು ಹೇಳಿದ್ದರು. ಮೂರನೆಯ ಸಲ ಹೇಳುವ ಅಭ್ಯಾಸ ಅವರಿಗೆ ಶಾಲೆಯಲ್ಲೂ ಇರಲಿಲ್ಲ.

ಎರಡನೆಯ ದಿನಕ್ಕೆ ಹುಳಿ ವಾಸನೆ ಎದ್ದಿತು. ಮೂರನೆಯ ದಿನ ಕೊಳೆತ ಮೊಟ್ಟೆ. ನಾಲ್ಕನೆಯ ದಿನ, ರಾಮಲಿಂಗಪ್ಪನವರು ಸೂಟ್‌ಕೇಸ್ ಹಿಡಿದು ಗೇಟಿನೊಳಗೆ ಕಾಲಿಟ್ಟವರೇ ಧೋತರದ ಚುಂಗನ್ನು ಮೂಗಿಗೆ ಒತ್ತಿ, "ಬೀಗರ, ಇಲ್ಲೆ ಏನರ ಸತ್ತದೇನ್ರಿ?" ಎಂದು ಕೇಳಿದರು.

"ಏ, ಇಲ್ರಿ, ಅದು ನಮ್ಮ ಬಿಸಿನೀರಿನ ವ್ಯವಸ್ಥಾ. ಸ್ನಾನಕ್ಕ ಹೋಗ್ರಿ, ನೀವ ನೋಡೀ‌ರಂತ."

ಹತ್ತು ನಿಮಿಷದ ನಂತರ ಒಂದನೆಯ ಮಹಡಿಯ ಬಚ್ಚಲಿನಿಂದ ಒಂದು ಕೂಗು ಕೇಳಿತು. ಗೌರಾಬಾಯಿಯ ಮೊದಲ ದಿನದ ಕೂಗಿಗೂ ಇದಕ್ಕೂ ಅಜಗಜಾಂತರ. ಸೊಲ್ಲಾಪುರದ ಬಿಸಿಲಿನಲ್ಲಿ ಬೆಳೆದ ಮೈ ಮೇಲೆ ಪುಣೆಯ ಡಿಸೆಂಬರಿನ ನೀರು ಬಿದ್ದ ಕೂಗು ಅದು.

ಅಪ್ಪಾಸಾಹೇಬರು ಮೆಟ್ಟಿಲಿಳಿದು ಗೌರಾಬಾಯಿಯ ಬಾಗಿಲಿಗೆ ಬಂದರು. ಈ ಸಲ ಟೆಸ್ಟರ್ ತಂದಿರಲಿಲ್ಲ.

"ಬಾಯಾರ, ನಿಮ್ಮ ಮಂದಿ ಕೆಲಸಾ ಬಿಟ್ಟಾರ್ರಿ."

"ಉಸಿರು ಕಟ್ಟಿದ್ರ ಯಾರು ದುಡೀತಾರ್ರಿ? ಮೊದಲಿನವು ಹೋದುವು. ಗಾಳಿ ಇಲ್ಲದ ಬದುಕು ಮಾಡೂವು ಬ್ಯಾರೆ ಇರತಾವ, ಅವು ಬಂದು ಕುಂತಾವ. ಅವು ಅರ್ಧಾ ತಿಂದು ಅರ್ಧಾ ಬಿಡೂ ಜಾತಿ. ಶಾಖ ಕೊಡೂದು ಕಮ್ಮಿ, ನಾತ ಕೊಡೂದು ಜಾಸ್ತಿ."

"ನಮ್ಮ ಕಮಿಟಿ ಮಂದೀ ಹಂಗ," ಎಂದು ಅಪ್ಪಾಸಾಹೇಬರು ತಮಗೇ ಹೇಳಿಕೊಂಡಂತೆ ಅಂದರು. ಗೌರಾಬಾಯಿಗೆ ಮೊದಲ ಸಲ ಈ ಮನುಷ್ಯನ ಬಗ್ಗೆ ಸ್ವಲ್ಪ ಅಕ್ಕರೆ ಬಂತು. ಹಾಗೆಂದು ಅದನ್ನು ತೋರಿಸಿಕೊಳ್ಳಲಿಲ್ಲ.

"ಉಪಾಯ ಏನ್ರಿ?"

"ಪೂರಾ ಬಿಚ್ಚಬೇಕು. ಒಣಾ ಎಲಿ, ಕಡ್ಡಿ ಬೆರಸಿ, ಮತ್ತ ಸಡ್ಲಾಗಿ ಒಟ್ಟಬೇಕು."

"ಯಾರು?"

ಗೌರಾಬಾಯಿ ಮೂಲೆಯಲ್ಲಿದ್ದ, ತಿಪ್ಪೆ ತಿರುವುವ ಕವಲು ಕೋಲನ್ನು ತಂದು ಅವರ ಕೈಗಿಟ್ಟರು. "ಎರಡು ಭಕ್ರಿ ತಿಂದೀರಲ್ರಿ. ಇನ್ನೊಂದು ಮಾತು. ಪೈಪು ನನ್ನ ಕಿಟಕಿಗೇ ಬರಬೇಕು. ಸ್ನಾನಕ್ಕ ಯಾರು ಬೇಕಾದ್ರೂ ನನ್ನ ಮನಿಗೆ ಬರ್ರಿ. ಒಬ್ಬರಿಗೆ ಒಂದ ಬಕೆಟ್."

ಸ್ವೆಟರು, ಮಫ್ಲರು, ಮಂಗಟೋಪಿ ಹಾಕಿಕೊಂಡು ಅಪ್ಪಾಸಾಹೇಬರು ಕೆಲಸಕ್ಕಿಳಿದರು. ತಾಡಪಾಲು ತೆಗೆದಾಗ ಎದ್ದ ನಾತಕ್ಕೆ ಮೂರನೆಯ ಮಹಡಿಯ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ನಿಖಿತಾ ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿಕೊಂಡು ಒಣ ಎಲೆಯ ಚೀಲ ಎಳೆದು ತಂದಳು. "ಅಂಕಲ್, ಬೆನ್ನು ಬಗ್ಗಿಸ್ಬೇಡಿ, ಮೊಣಕಾಲು ಬಗ್ಸಿ," ಎಂದು ಸಲಹೆ ಕೊಟ್ಟಳು. ಕಂಬಳಿ ಹೊದ್ದು ನಿಂತು ನೋಡುತ್ತಿದ್ದ ರಾಮಲಿಂಗಪ್ಪನವರಿಗೆ ಅರ್ಧ ಗಂಟೆಯ ಮೇಲೆ ತಡೆಯಲಾಗಲಿಲ್ಲ. "ಹಂಗ ಅಲ್ರಿ ಬೀಗರ, ಮುದ್ದಿ ಮಾಡಿ ಒಗದ್ರ ಹೆಂಗ? ಸೀರಿ ಮಡಿಕಿ ಹಾಕಿದಂಗ ಪದರಾ ಪದರಾ ಬರಬೇಕು," ಎನ್ನುತ್ತ ಕಂಬಳಿ ಬಿಸಾಕಿ ಧೋತರ ಎತ್ತಿ ಕಟ್ಟಿದರು. ಅವರು ಹರಡಿದ ಎಲೆಯ ಪದರ ನಿಜವಾಗಿಯೂ ಅಂಗಡಿಯ ಗಾದಿಯ ಮೇಲಿನ ಇಳಕಲ್ ಸೀರೆಯಷ್ಟು ಸಮವಾಗಿ ಕೂತಿತು.

ಒಂದು ತಾಸಿಗೆ ಅಪ್ಪಾಸಾಹೇಬರ ಮಫ್ಲರು ಹೋಯಿತು. ಒಂದೂವರೆ ತಾಸಿಗೆ ಸ್ವೆಟರು. ಕೊನೆಗೆ ಮಂಗಟೋಪಿ ತೆಗೆದಾಗ, ಆ ತಂಪಾದ ಬೆಳಗಿನ ಬಿಸಿಲಿನಲ್ಲಿ ಅವರ ಬೋಳು ನೆತ್ತಿಯಿಂದ ಎಳೆ ಎಳೆಯಾಗಿ ಹಬೆ ಏಳುವುದು ಎಲ್ಲರಿಗೂ ಕಂಡಿತು.

"ನೋಡ್ರಿ ನೋಡ್ರಿ," ಗೌರಾಬಾಯಿ ಚಪ್ಪಾಳೆ ತಟ್ಟಿದರು, "ಭಕ್ರಿ ಹೊಂಟದ!"

ಅಪ್ಪಾಸಾಹೇಬರು ನೆತ್ತಿ ಮುಟ್ಟಿ ನೋಡಿಕೊಂಡರು. ಆಮೇಲೆ ಕವಲು ಕೋಲಿಗೆ ಒರಗಿ ನಗತೊಡಗಿದರು. ಅವರು ನಗುವುದನ್ನು ನಿಖಿತಾ ಅದೇ ಮೊದಲ ಸಲ ನೋಡಿದ್ದು.

ತಿಪ್ಪೆ ಬಿಸಿಯಾಗಲು ಐದು ದಿನ ಹಿಡಿಯಿತು. ನಾಲ್ಕು ದಿನಕ್ಕೆಂದು ಬಂದಿದ್ದ ರಾಮಲಿಂಗಪ್ಪನವರು ತಮ್ಮ ಕೈಗೆಲಸದ ಫಲ ನೋಡದೆ ಹೋಗುವುದಿಲ್ಲ ಎಂದು ಅಂಗಡಿಗೆ ಫೋನ್ ಮಾಡಿ ಹೇಳಿ ಉಳಿದರು. ದಿನಕ್ಕೆ ಮೂರು ಸಲ ಥರ್ಮಾಮೀಟರ್ ಚುಚ್ಚಿ ನೋಡಿ, ಅಂಕಿಯನ್ನು ಮೆಟ್ಟಿಲಿಂದಲೇ ಕೂಗಿ ಹೇಳುತ್ತಿದ್ದರು. ಮೂವತ್ತೊಂಬತ್ತು. ನಲವತ್ತಾರು. ಐವತ್ತೈದು ಮುಟ್ಟಿದ ದಿನ ಮೊದಲ ಸ್ನಾನ ಅವರಿಗೇ ಎಂದು ನೀತಾಬಾಯಿ ತೀರ್ಪು ಕೊಟ್ಟರು.

ಗೌರಾಬಾಯಿಯ ಬಚ್ಚಲಿನೊಳಗೆ ಹೋದ ರಾಮಲಿಂಗಪ್ಪನವರು ಒಂದೇ ಬಕೆಟಿನಲ್ಲಿ ಅರ್ಧ ಗಂಟೆ ಕಳೆದರು. ಹೊರಗೆ ಟವೆಲ್ ಹೆಗಲಿಗೆ ಹಾಕಿಕೊಂಡ ಅಪ್ಪಾಸಾಹೇಬರು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಪಾಳಿ ಕಾಯುತ್ತಿದ್ದರು. ಗೌರಾಬಾಯಿ ಚಹಾ ಕೊಟ್ಟರು. ಎರಡು ಗುಟುಕು ಕುಡಿದ ಮೇಲೆ ಅವರು ದನಿ ಇಳಿಸಿ ಕೇಳಿದರು.

"ಬಾಯಾರ, ಒಂದು ಮಾತು ತಲ್ಯಾಗ ಕೊರೀಲಿಕತ್ತದ. ಮನುಷ್ಯಾ ಹೋದ ಮ್ಯಾಲ, ಈ ಶಾಖ ಅಂತೀರಲ್ಲ, ಅದು ಎಲ್ಲಿಗೆ ಹೋಗತದ?"

"ಗಾಳಿಗೆ ಹೋಗತದ್ರಿ. ಆಮ್ಯಾಲ ಮುಗಿಲಿಗೆ. ನಿಮ್ಮದರ ಬಗ್ಗೆ ಕಾಳಜಿ ಬ್ಯಾಡ. ಬದುಕಿದ್ದಾಗನ ಅದು ಇಡೀ ಸೊಸಾಯಟಿಗೆ ಮುಟ್ಟ್ಯದ."

ಅಪ್ಪಾಸಾಹೇಬರು ಇದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುತ್ತಿದ್ದಾಗಲೇ ಬಚ್ಚಲಿನ ಚಿಲಕ ಸರಿದ ಸದ್ದಾಯಿತು. ಚಹಾದ ಕಪ್ಪನ್ನು ಅರ್ಧಕ್ಕೇ ಬಿಟ್ಟು, ಟವೆಲ್ ಬಿಗಿ ಹಿಡಿದು, ಅವರು ಒಳಗೆ ಓಡಿದರು.